ಹೆಬ್ಬೆಟ್ಟು ಒತ್ತದಿದ್ದರೆ ಮಾತ್ರೆ ಕೊಡುವುದಿಲ್ಲವೇ?

ಕಳೆದ ತಿಂಗಳ ಒಂದು ಸೋಮವಾರ. ನಮ್ಮೂರಿನ ಸಂತೆಯ ದಿನ. ಸುತ್ತಮುತ್ತಲ ಹಳ್ಳಿಗಳ ಸಕ್ಕರೆ ಕಾಯಿಲೆಯವರು ಸಂತೆಗೆ ಬಂದವರು ಹಾಗೆಯೇ ನನ್ನ ಕ್ಲಿನಿಕ್ಕಿಗೂ ಬಂದು, ರಕ್ತ ಪರೀಕ್ಷೆ ಮಾಡಿಸಿಕೊಂಡು, ತಿಂಗಳಿಗಾಗುವಷ್ಟು ಮಾತ್ರೆ ಪಡೆದು ಹೋಗುವುದು ವಾಡಿಕೆ. ಅಂದು ಬೆಂಚುಗಳೆಲ್ಲ ತುಂಬಿದ್ದವು. ಆಗ ಬಿಳಿ ಕೋಟು ತೊಟ್ಟ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಒಂದು ಕಟ್ಟು ಕಾಗದ ಹಿಡಿದು ಒಳಗೆ ಬಂದಳು.

'ಸರ್, ಕೊನೆಯ ವರ್ಷದ ಪ್ರಾಜೆಕ್ಟ್. ಸಕ್ಕರೆ ಕಾಯಿಲೆ ಇರುವವರಿಗೆ ಪಾದದ ಆರೈಕೆ ಬಗ್ಗೆ ಎಷ್ಟು ಗೊತ್ತಿದೆ ಅಂತ ನೋಡಬೇಕು. ಮೂವತ್ತು ಜನ ಬೇಕಾಗಿದ್ದಾರೆ. ಇವತ್ತೇ ಮುಗಿಸಿಬಿಡಬಹುದಾ?'

'ಕಾಲೇಜಿನಲ್ಲಿ ಒಪ್ಪಿಗೆ ಆಗಿದೆಯೇನಮ್ಮಾ?' ಎಂದೆ. 'ಗೈಡ್ ಮೇಡಂ ಒಪ್ಪಿದ್ದಾರೆ ಸರ್' ಎಂದಳು. ನಾನೂ ಅವಸರದಲ್ಲಿದ್ದೆ. 'ಆಗಲಿ, ಹೊರಗೆ ಕೂತು ಕೇಳು' ಎಂದುಬಿಟ್ಟೆ. ಎಥಿಕ್ಸ್ ಸಮಿತಿಯ ಪತ್ರ ಎಲ್ಲಿ ಎಂದು ಕೇಳಬೇಕಾಗಿತ್ತು, ಕೇಳಲಿಲ್ಲ. ಮೊದಲ ತಪ್ಪು ನನ್ನದೇ.

ಅರ್ಧ ಗಂಟೆಯ ನಂತರ ಅಜ್ಜಿಯೊಬ್ಬರು ಒಳಗೆ ಬಂದರು. ಎಂಟು ವರ್ಷಗಳಿಂದ ನನ್ನಲ್ಲಿಗೆ ಬರುತ್ತಿರುವವರು. ಎಡಗೈ ಹೆಬ್ಬೆಟ್ಟಿನಲ್ಲಿ ನೀಲಿ ಮಸಿ ಇನ್ನೂ ಆರಿರಲಿಲ್ಲ. ಕುಳಿತವರೇ ದನಿ ತಗ್ಗಿಸಿ ಕೇಳಿದರು: 'ಅಲ್ಲಾ ಡಾಕ್ಟ್ರೇ, ಹೆಬ್ಬೆಟ್ಟು ಒತ್ತದಿದ್ರೆ ಇನ್ಮೇಲೆ ಮಾತ್ರೆ ಕೊಡಲ್ವಾ?'

ಆ ಪ್ರಶ್ನೆ ನನ್ನನ್ನು ಇಡೀ ದಿನ ಕಾಡಿತು. ನರ್ಸಿಂಗ್ ಓದುವ ಮಕ್ಕಳಿಗೆ ಸಂಶೋಧನೆಯ ಬಗ್ಗೆ ಕಲಿಸಬೇಕಾದುದೆಲ್ಲ ಆ ಒಂದು ಮಾತಿನಲ್ಲಿದೆ ಎಂದು ನನಗನ್ನಿಸುತ್ತದೆ.

ಹೂಂ ಎಂಬ ಉತ್ತರ

ಅಜ್ಜಿ ಹೋದ ಮೇಲೆ ಹುಡುಗಿಯ ಪ್ರಶ್ನಾವಳಿ ತರಿಸಿ ನೋಡಿದೆ. ಮೊದಲನೆಯ ಪ್ರಶ್ನೆ ಹೀಗಿತ್ತು: 'ಮಧುಮೇಹಿಗಳು ಪ್ರತಿದಿನ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು ಎಂಬುದು ನಿಮಗೆ ತಿಳಿದಿದೆ ಅಲ್ಲವೇ?' ಎರಡನೆಯದು: 'ನೀವು ಪ್ರತಿದಿನ ಪಾದ ಪರೀಕ್ಷಿಸಿಕೊಳ್ಳುತ್ತೀರಾ?' ಅಜ್ಜಿ ಎರಡಕ್ಕೂ 'ಹೂಂ' ಎಂದಿದ್ದರು. ಎರಡಕ್ಕೂ ಪೂರ್ತಿ ಅಂಕ ಬಿದ್ದಿತ್ತು.

ಆದರೆ ಸ್ವಲ್ಪ ಹೊತ್ತಿನ ಮುಂಚೆ ಅದೇ ಅಜ್ಜಿಯ ಚಪ್ಪಲಿ ಬಿಡಿಸಿ ಪಾದ ನೋಡಿದ್ದೆ. ಬಲಗಾಲಿನ ಕಿರುಬೆರಳಿನ ಸಂದಿಯಲ್ಲಿ ಒಂದು ಹುಣ್ಣು ಕೀವು ಕಟ್ಟಿತ್ತು. ಅವರಿಗೆ ಗೊತ್ತೇ ಇರಲಿಲ್ಲ! ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಮಂದವಾಗುತ್ತವೆ. ಮುಳ್ಳು ಚುಚ್ಚಿದರೂ, ಚಪ್ಪಲಿ ಕಚ್ಚಿದರೂ ನೋವು ತಿಳಿಯುವುದಿಲ್ಲ. ಆದ್ದರಿಂದಲೇ ದಿನವೂ ಕಣ್ಣಿನಿಂದ ನೋಡಿಕೊಳ್ಳಿ, ಬೆರಳ ಸಂದಿಯನ್ನು ಒರೆಸಿ ಒಣಗಿಸಿ, ಬರಿಗಾಲಿನಲ್ಲಿ ನಡೆಯಬೇಡಿ ಎಂದು ನಾವು ಹೇಳುವುದು.

ಈಗ ಯೋಚಿಸಿ. ಪ್ರಶ್ನಾವಳಿಯ ಪ್ರಕಾರ ಈ ಅಜ್ಜಿ ಪಾದದ ಆರೈಕೆಯಲ್ಲಿ ಜಾಣೆ. ಪಾದದ ಪ್ರಕಾರ ಅವರಿಗೆ ತುರ್ತಾಗಿ ಚಿಕಿತ್ಸೆ ಬೇಕು. ಯಾವುದು ನಿಜ?

ತಪ್ಪು ಅಜ್ಜಿಯದಲ್ಲ, ಪ್ರಶ್ನೆಯದು. 'ಅಲ್ಲವೇ?' ಎಂದು ಕೇಳಿದರೆ ನಮ್ಮ ಜನ 'ಹೂಂ' ಎನ್ನುತ್ತಾರೆ. ಬಿಳಿ ಕೋಟಿನ ಮುಂದೆ 'ಇಲ್ಲ' ಎನ್ನುವುದು ಮರ್ಯಾದೆಯಲ್ಲ ಎಂದು ತಿಳಿದವರು ಅವರು. ಪ್ರಶ್ನೆಯೊಳಗೇ ಉತ್ತರವನ್ನು ಇಟ್ಟು ಕೇಳಬಾರದು. 'ನಿನ್ನೆ ಕಾಲು ತೊಳೆದಾಗ ಏನೇನು ಮಾಡಿದಿರಿ, ಹೇಳಿ ಅಜ್ಜಿ' ಎಂದು ಕೇಳಿ ಸುಮ್ಮನೆ ಕೂತರೆ ನಿಜ ಹೊರಬರುತ್ತದೆ. ಜೊತೆಗೆ ಪಾದವನ್ನೂ ನೋಡಿದರೆ, ಬಾಯಿ ಹೇಳಿದ್ದಕ್ಕೂ ಕಾಲು ತೋರಿಸಿದ್ದಕ್ಕೂ ಇರುವ ಅಂತರ ಎಷ್ಟೆಂದು ತಿಳಿಯುತ್ತದೆ.

ಅನ್ನದ ಅಗುಳಲ್ಲ, ಮನುಷ್ಯರು

ಸಂಶೋಧನೆ ಎಂದೊಡನೆ ಎಷ್ಟೋ ವಿದ್ಯಾರ್ಥಿಗಳು ಹೆದರುತ್ತಾರೆ. ಹೆದರುವಂಥದ್ದು ಅದರಲ್ಲಿ ಏನೂ ಇಲ್ಲ. ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳುವುದು, ಅದರ ಬಗ್ಗೆ ಈಗಾಗಲೇ ಯಾರು ಏನು ಕಂಡುಕೊಂಡಿದ್ದಾರೆ ಎಂದು ಓದುವುದು, ಯಾರನ್ನು ಕೇಳಬೇಕು, ಏನನ್ನು ಅಳೆಯಬೇಕು ಎಂದು ಮೊದಲೇ ನಿರ್ಧರಿಸಿ ಬರೆದಿಡುವುದು, ನಾಲ್ಕಾರು ಜನರ ಮೇಲೆ ಪ್ರಶ್ನಾವಳಿಯನ್ನು ಪರೀಕ್ಷಿಸಿ ತಿದ್ದುವುದು, ಆಮೇಲೆ ಮಾಹಿತಿ ಸಂಗ್ರಹಿಸಿ, ಲೆಕ್ಕ ಹಾಕಿ, ಕಂಡದ್ದನ್ನು ಕಂಡ ಹಾಗೆ ಬರೆಯುವುದು. ಇಷ್ಟೇ ಅದರ ಮೆಟ್ಟಿಲುಗಳು.

ಯಾರನ್ನು ಕೇಳಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಒಂದೇ ನೀರು, ಒಂದೇ ಉರಿ, ಒಂದೇ ಪಾತ್ರೆ ಇದ್ದಾಗ ಆ ಮಾತು ಸರಿ. ಮನುಷ್ಯರು ಹಾಗಲ್ಲ. ಕ್ಲಿನಿಕ್ಕಿಗೆ ತಿಂಗಳು ತಿಂಗಳೂ ತಪ್ಪದೆ ಬರುವ ಮೂವತ್ತು ಜನ, ಬಸ್ಸಿನ ದುಡ್ಡಿಲ್ಲದೆ ಮನೆಯಲ್ಲೇ ಉಳಿದ ಮೂವತ್ತು ಜನರಂತೆ ಇರುವುದಿಲ್ಲ. ಬಂದವರನ್ನು ಮಾತ್ರ ಕೇಳಿದರೆ, 'ಈ ಕ್ಲಿನಿಕ್ಕಿಗೆ ಬಂದ ಮೂವತ್ತು ಜನರಲ್ಲಿ ಹೀಗೆ ಕಂಡಿತು' ಎಂದು ಬರೆಯಬಹುದೇ ಹೊರತು 'ನಮ್ಮ ತಾಲ್ಲೂಕಿನಲ್ಲಿ ಹೀಗಿದೆ' ಎಂದು ಬರೆಯುವಂತಿಲ್ಲ.

ಅಳತೆಯಲ್ಲೂ ಇದೇ ಎಚ್ಚರ ಬೇಕು. ಎರಡು ಕಿಲೋ ಹೆಚ್ಚು ತೋರಿಸುವ ತಕ್ಕಡಿಯಲ್ಲಿ ಹತ್ತು ಸಲ ತೂಗಿದರೆ ಹತ್ತು ಸಲವೂ ಒಂದೇ ತೂಕ ಬರುತ್ತದೆ, ಆದರೆ ಹತ್ತೂ ತಪ್ಪು. ಒಂದೇ ರೀತಿ ಬರುವುದು ಬೇರೆ, ಸರಿಯಾಗಿ ಬರುವುದು ಬೇರೆ. ಪಾದರಸದ ಉಪಕರಣದಲ್ಲಿ ಅಳೆದ ಬಿ.ಪಿ. ದಾಖಲೆಗಳನ್ನು ತೆಗೆದು ನೋಡಿ. 120, 130, 140, ಎಲ್ಲವೂ ಸೊನ್ನೆಯಲ್ಲೇ ಮುಗಿಯುತ್ತವೆ. ದೇಹಕ್ಕೇನು ಸೊನ್ನೆಯ ಮೇಲೆ ಪ್ರೀತಿಯಿಲ್ಲ. ಅಳೆಯುವವರ ಕೈ ಹತ್ತಿರದ ಸೊನ್ನೆಗೆ ಜಾರಿರುತ್ತದೆ, ಅಷ್ಟೆ.

ಎಣಿಕೆ ಉಳಿಸಿದ ಜೀವಗಳು

ಸರಿಯಾಗಿ ಎಣಿಸುವುದರಿಂದ ಏನಾಗುತ್ತದೆ? ಇದಕ್ಕೆ ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯ ಕತೆಯನ್ನು ಪ್ರತಿಯೊಬ್ಬ ನರ್ಸಿಂಗ್ ವಿದ್ಯಾರ್ಥಿಯೂ ತಿಳಿದಿರಬೇಕು. 1840ರ ದಶಕದಲ್ಲಿ ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲ ವಿಭಾಗದಲ್ಲಿ ನೂರಕ್ಕೆ 11ಕ್ಕಿಂತ ಹೆಚ್ಚು ಬಾಣಂತಿಯರು ಸತ್ತರು. ಎರಡನೆಯದರಲ್ಲಿ ನೂರಕ್ಕೆ 3ಕ್ಕಿಂತ ಕಡಿಮೆ. ಗರ್ಭಿಣಿಯರು ತಮ್ಮನ್ನು ಮೊದಲ ವಿಭಾಗಕ್ಕೆ ಸೇರಿಸಬೇಡಿರೆಂದು ಅಂಗಲಾಚುತ್ತಿದ್ದರು.

ಅಲ್ಲಿ ಸಹಾಯಕ ವೈದ್ಯನಾಗಿದ್ದ ಇಗ್ನಾಜ್ ಸೆಮ್ಮೆಲ್ವೈಸ್ ಎರಡು ವಿಭಾಗಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದ. ಜನಸಂದಣಿ ಕಾರಣವೇ? ಎರಡನೆಯದರಲ್ಲೇ ಸಂದಣಿ ಹೆಚ್ಚು. ಹವೆಯೇ? ಎರಡೂ ಕಡೆ ಒಂದೇ. ಒಂದೊಂದಾಗಿ ಕಾರಣಗಳನ್ನು ತೆಗೆದುಹಾಕುತ್ತ ಹೋದ. 1847ರಲ್ಲಿ ಅವನ ಸ್ನೇಹಿತನಾದ ವೈದ್ಯನೊಬ್ಬ ಶವಪರೀಕ್ಷೆಯ ವೇಳೆ ಕೈಗೆ ಚಾಕು ತಗುಲಿ, ಬಾಣಂತಿಯರಂತೆಯೇ ಜ್ವರ ಬಂದು ಸತ್ತ. ಆಗ ಹೊಳೆಯಿತು. ವೈದ್ಯರೂ ವಿದ್ಯಾರ್ಥಿಗಳೂ ಶವಾಗಾರದಿಂದ ನೇರವಾಗಿ ಹೆರಿಗೆ ಮಂಚಕ್ಕೆ ಬರುತ್ತಿದ್ದರು, ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ನಿಯಮ ಮಾಡಿದ. 1848ರಲ್ಲಿ ಮೊದಲ ವಿಭಾಗದ ಸಾವು ನೂರಕ್ಕೆ ಸುಮಾರು 1.3ಕ್ಕೆ ಇಳಿಯಿತು.

ರೋಗಾಣುಗಳ ವಿಷಯ ಅವನಿಗೆ ತಿಳಿದಿರಲಿಲ್ಲ. ಅವನಲ್ಲಿ ಇದ್ದದ್ದು ಎರಡು ವಿಭಾಗಗಳ ಪ್ರಾಮಾಣಿಕ ದಾಖಲೆ ಪುಸ್ತಕಗಳು. ಸಾವುಗಳನ್ನು ಬರೆದಿಡುವ ಗುಮಾಸ್ತ ಸೋಮಾರಿತನದಿಂದ ಅಂದಾಜಿನ ಅಂಕಿ ಬರೆದಿದ್ದರೆ? ಎರಡೂ ವಿಭಾಗಗಳು ಒಂದೇ ತರಹ ಕಾಣುತ್ತಿದ್ದವು. ಕೈ ತೊಳೆಯಬೇಕೆಂಬ ಯೋಚನೆಯೂ ಬರುತ್ತಿರಲಿಲ್ಲ.

ನಾನು ತುಂಬಿದ ಹದಿನೆಂಟು ಹಾಳೆಗಳು

ಆ ಹುಡುಗಿಯನ್ನು ಎದುರು ಕೂರಿಸಿಕೊಂಡು ಇಷ್ಟೆಲ್ಲ ಹೇಳುವಾಗ ನನ್ನ ಮನಸ್ಸು ಚುಚ್ಚುತ್ತಿತ್ತು. ಏಕೆಂದರೆ ನಾನೂ ಒಮ್ಮೆ ಅಂಥ ಗುಮಾಸ್ತನಾಗಿದ್ದೆ.

ಹೌಸ್ ಸರ್ಜನ್ ಆಗಿದ್ದಾಗ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನನ್ನನ್ನು ಹಾಕಿದ್ದರು. ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆ ತಲುಪುತ್ತಿದೆಯೇ, ಅವರು ನುಂಗುತ್ತಿದ್ದಾರೆಯೇ ಎಂಬ ಸಮೀಕ್ಷೆ. ನನ್ನ ಪಾಲಿಗೆ ಅರುವತ್ತು ಮನೆಗಳು. ನಲವತ್ತೆರಡನ್ನು ನೋಡಿ ಮುಗಿಸಿದ್ದೆ. ಉಳಿದ ಹದಿನೆಂಟು ಮನೆಗಳು ಹಳ್ಳದಾಚೆಯ ಕೇರಿಯಲ್ಲಿದ್ದವು. ಮಳೆ ಹಿಡಿದಿತ್ತು, ಹಳ್ಳ ಉಕ್ಕಿತ್ತು, ಮರುದಿನವೇ ವರದಿ ಕೊಡಬೇಕಾಗಿತ್ತು. ಕೇಂದ್ರದ ಜಗುಲಿಯಲ್ಲಿ ಕೂತು ಹದಿನೆಂಟು ಹಾಳೆಗಳನ್ನೂ ನಾನೇ ತುಂಬಿದೆ. ಬೇರೆ ಬೇರೆ ದಿನ ಬರೆದಂತೆ ಕಾಣಲೆಂದು ಪೆನ್ನು ಬದಲಿಸಿದ್ದೂ ನೆನಪಿದೆ. ಹೆಚ್ಚಿನವಕ್ಕೆ 'ಹೌದು, ಪ್ರತಿದಿನ' ಎಂದು ಗುರುತು ಹಾಕಿದೆ. ವರದಿ ಚೆನ್ನಾಗಿದೆ ಎಂದು ಮೇಲಿನವರು ಹೊಗಳಿದರು.

ಆರು ವಾರಗಳ ನಂತರ ಅದೇ ಕೇರಿಯಿಂದ ಎಂಟು ತಿಂಗಳ ಗರ್ಭಿಣಿಯೊಬ್ಬಳನ್ನು ಎತ್ತಿನ ಗಾಡಿಯಲ್ಲಿ ಕರೆತಂದರು. ಮುಖ ಸುಣ್ಣದಂತೆ ಬಿಳುಚಿತ್ತು, ಕಾಲು ಊದಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಹಿಮೋಗ್ಲೋಬಿನ್ ಐದು ಗ್ರಾಂ. ಗರ್ಭಿಣಿಗೆ ಅದು ಕನಿಷ್ಠ ಹನ್ನೊಂದಾದರೂ ಇರಬೇಕು. 'ಮಾತ್ರೆ ತಗೊಳ್ತಿರಲಿಲ್ಲವಾ?' ಎಂದೆ. 'ಯಾವ ಮಾತ್ರೆ ಸ್ವಾಮಿ? ಮಳೆ ಹಿಡಿದಾಗಿಂದ ನಮ್ಮ ಕೇರಿಗೆ ಯಾರೂ ಬಂದಿಲ್ಲ' ಎಂದಳು ಅವಳ ಅತ್ತೆ. ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. ರಕ್ತ ಕೊಟ್ಟರು. ದೇವರ ದಯೆ, ತಾಯಿ ಮಗು ಇಬ್ಬರೂ ಉಳಿದರು.

ಅಂದು ಸಂಜೆ ಹಳೆಯ ಹಾಳೆಗಳನ್ನು ತೆಗೆದು ನೋಡಿದೆ. ಅವಳ ಮನೆಯ ಹಾಳೆಯಲ್ಲಿ ನನ್ನದೇ ಅಕ್ಷರ: 'ಹೌದು, ಪ್ರತಿದಿನ.' ನನ್ನನ್ನು ಯಾರೂ ಪ್ರಶ್ನಿಸಲಿಲ್ಲ. ಇಂದಿಗೂ ಯಾರಿಗೂ ಗೊತ್ತಿಲ್ಲ. 'ಹದಿನೆಂಟು ಮನೆ ನೋಡಲಾಗಲಿಲ್ಲ, ದಾರಿಯಿಲ್ಲ' ಎಂದು ನಿಜ ಬರೆದಿದ್ದರೆ, ಆ ಕೇರಿಗೆ ಮಾತ್ರೆಯೂ ಹೋಗುತ್ತಿಲ್ಲ ಎಂಬುದು ಯಾರಿಗಾದರೂ ಹೊಳೆಯುತ್ತಿತ್ತು. ಸುಳ್ಳು ಅಂಕಿ ಖಾಲಿ ಜಾಗಕ್ಕಿಂತ ಕೆಟ್ಟದ್ದು. ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ, ಸುಳ್ಳು ಅಂಕಿ ಕೊರತೆಯನ್ನು ಮುಚ್ಚಿಬಿಡುತ್ತದೆ.

ನಂಬಿದ ನರ್ಸ್

ಮಾಹಿತಿ ಸುಳ್ಳಾದರೆ ಹೀಗಾಗುತ್ತದೆ. ಇನ್ನು ಮಾಹಿತಿ ನಿಜವಾಗಿದ್ದೂ ಅದನ್ನು ಪಡೆದ ದಾರಿ ಕೆಟ್ಟದ್ದಾದರೆ? ಅದಕ್ಕೆ ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೆಗೀ ಪ್ರಕರಣವೇ ಸಾಕ್ಷಿ.

1932ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಇಲಾಖೆ ಒಂದು ಅಧ್ಯಯನ ಆರಂಭಿಸಿತು. ಸುಮಾರು 600 ಬಡ ಕಪ್ಪು ಜನಾಂಗದ ಗಂಡಸರು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಎಂಬ ಗುಹ್ಯರೋಗವಿತ್ತು. ಚಿಕಿತ್ಸೆ ಕೊಡದಿದ್ದರೆ ಆ ರೋಗ ದೇಹವನ್ನು ಹೇಗೆ ತಿನ್ನುತ್ತದೆ ಎಂದು ನೋಡುವುದೇ ಉದ್ದೇಶ. ರೋಗಿಗಳಿಗೆ ಇದನ್ನು ಹೇಳಲಿಲ್ಲ. 'ನಿಮ್ಮ ರಕ್ತ ಕೆಟ್ಟಿದೆ, ಚಿಕಿತ್ಸೆ ಕೊಡುತ್ತೇವೆ' ಎಂದರು. ಉಚಿತ ಊಟ, ಸತ್ತರೆ ಶವಸಂಸ್ಕಾರದ ಖರ್ಚು. ಬೆನ್ನುಹುರಿಯ ನೀರು ತೆಗೆಯುವ ನೋವಿನ ಪರೀಕ್ಷೆಯನ್ನು ವಿಶೇಷ ಚಿಕಿತ್ಸೆ ಎಂದು ನಂಬಿಸಿದರು. 1940ರ ದಶಕದಲ್ಲಿ ಪೆನ್ಸಿಲಿನ್ ಬಂದು ಆ ರೋಗಕ್ಕೆ ರಾಮಬಾಣವಾಯಿತು. ಆಗಲೂ ಕೊಡಲಿಲ್ಲ. 1972ರಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲಷ್ಟೇ ಅದು ನಿಂತಿತು. ನಲವತ್ತು ವರ್ಷ! 1997ರಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದರು.

ಈ ಕತೆಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಮರೆಯಬಾರದ ಒಂದು ಹೆಸರಿದೆ: ಯೂನಿಸ್ ರಿವರ್ಸ್. ಆಕೆಯೂ ಕಪ್ಪು ಜನಾಂಗದವರೇ, ಒಳ್ಳೆಯ ನರ್ಸ್. ರೋಗಿಗಳ ಮನೆಮನೆಗೆ ಹೋಗಿ ವಿಚಾರಿಸುತ್ತಿದ್ದರು, ತಮ್ಮ ಕಾರಿನಲ್ಲಿ ಅವರನ್ನು ಪರೀಕ್ಷೆಗೆ ಕರೆದೊಯ್ಯುತ್ತಿದ್ದರು. ಡಾಕ್ಟರುಗಳು ಬದಲಾಗುತ್ತಿದ್ದರು, ಆಕೆ ಬದಲಾಗಲಿಲ್ಲ. ಆ ಜನ ನಂಬಿದ್ದು ಸರ್ಕಾರವನ್ನಲ್ಲ, ರಿವರ್ಸ್ ಅವರನ್ನು. ಆ ನಂಬಿಕೆಯೇ ಅಧ್ಯಯನವನ್ನು ಅಷ್ಟು ಕಾಲ ನಡೆಸಿತು. ಆಕೆಗೆ ಅವರ ಮೇಲೆ ಅಕ್ಕರೆ ಇರಲಿಲ್ಲ ಎನ್ನುವಂತಿಲ್ಲ. ಅಕ್ಕರೆಯೊಂದೇ ಸಾಲದು ಎಂಬುದೇ ಇಲ್ಲಿನ ಪಾಠ. 'ಮೇಲಿನವರು ಹೇಳಿದರು, ನಾನು ಮಾಡಿದೆ' ಎಂಬ ಮಾತು ರೋಗಿಯನ್ನು ಕಾಪಾಡುವುದಿಲ್ಲ.

ಈ ಹಗರಣದ ನಂತರ ಅಮೆರಿಕದಲ್ಲಿ ರಚನೆಯಾದ ಆಯೋಗವೊಂದು 1979ರಲ್ಲಿ ಬೆಲ್ಮಾಂಟ್ ವರದಿಯನ್ನು ಪ್ರಕಟಿಸಿತು. ಅದು ಹೇಳಿದ ತತ್ವಗಳು ಮೂರು. ವ್ಯಕ್ತಿಯನ್ನು ಗೌರವಿಸಿ. ಒಳಿತನ್ನು ಹೆಚ್ಚಿಸಿ, ಕೇಡನ್ನು ತಗ್ಗಿಸಿ. ನ್ಯಾಯವಾಗಿ ನಡೆದುಕೊಳ್ಳಿ, ಅಂದರೆ ಕಷ್ಟ ಬಡವರಿಗೆ, ಲಾಭ ಉಳಿದವರಿಗೆ ಎಂದಾಗಬಾರದು.

ಒಪ್ಪಿಗೆ ಎಂದರೆ ಸಹಿಯಲ್ಲ

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಗಳಿವೆ. ಮನುಷ್ಯರ ಮೇಲೆ ನಡೆಯುವ ಸಂಶೋಧನೆಯನ್ನು ಆರಂಭಕ್ಕೆ ಮೊದಲೇ ಎಥಿಕ್ಸ್ ಸಮಿತಿ ಪರಿಶೀಲಿಸಬೇಕು. ವಿದ್ಯಾರ್ಥಿಯ ಪ್ರಾಜೆಕ್ಟ್ ತಾನೇ, ಬರೀ ಪ್ರಶ್ನೆ ಕೇಳುವುದು ತಾನೇ ಎಂದು ಸಮಿತಿಯನ್ನು ಬಿಟ್ಟು ಮುಂದುವರಿಯುವಂತಿಲ್ಲ. ಭಾಗವಹಿಸುವವರಿಗೆ ಅವರ ಭಾಷೆಯಲ್ಲಿ ವಿವರಿಸಬೇಕು. ಓದು ಬಾರದವರಿದ್ದರೆ, ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರಿನಲ್ಲಿ ಓದಿ ಹೇಳಿ ಹೆಬ್ಬೆಟ್ಟು ಪಡೆಯಬೇಕು. ಮಕ್ಕಳಾದರೆ ತಂದೆ ತಾಯಿಯ ಒಪ್ಪಿಗೆ ಬೇಕು. ಏಳು ವರ್ಷ ದಾಟಿದ ಮಗುವಿಗೆ ಅರ್ಥವಾಗುವಂತೆ ಹೇಳಿ ಅದರ ಸಮ್ಮತಿಯನ್ನೂ ಕೇಳಬೇಕು.

ಇದನ್ನು ಮೀರಿದರೆ ಏನಾಗುತ್ತದೆಂದು 2009-10ರಲ್ಲಿ ನಾವು ಕಂಡಿದ್ದೇವೆ. ಅಂದಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಅಧ್ಯಯನದ ಭಾಗವಾಗಿ ಹುಡುಗಿಯರಿಗೆ ಕೊಟ್ಟಾಗ, ಅನೇಕ ಒಪ್ಪಿಗೆ ಪತ್ರಗಳಿಗೆ ತಂದೆ ತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು ಬಯಲಾಯಿತು. 2010ರಲ್ಲಿ ಆ ಯೋಜನೆಯನ್ನು ನಿಲ್ಲಿಸಲಾಯಿತು. ಲಸಿಕೆ ಒಳ್ಳೆಯದೇ, ಅದರ ಬಗ್ಗೆ ಸಂದೇಹ ಬೇಡ. ಆದರೆ ಒಳ್ಳೆಯ ಲಸಿಕೆಯ ಬಗ್ಗೆಯೂ ಜನ ಅನುಮಾನಪಡುವಂತೆ ಮಾಡಿದ್ದು ಆ ಸಹಿಗಳು.

ಹಾಗಾದರೆ ನಿಜವಾದ ಒಪ್ಪಿಗೆ ಯಾವುದು? ನನ್ನ ಪ್ರಕಾರ ಅದಕ್ಕೆ ಒಂದೇ ಪರೀಕ್ಷೆ: 'ಬೇಡ' ಎಂದರೆ ಆ ವ್ಯಕ್ತಿಗೆ ಏನೂ ನಷ್ಟವಾಗಬಾರದು, ಮತ್ತು ಏನೂ ನಷ್ಟವಾಗುವುದಿಲ್ಲ ಎಂದು ಅವರಿಗೆ ಗೊತ್ತಿರಬೇಕು. ಹಾಸಿಗೆಯಲ್ಲಿ ಮಲಗಿದ ರೋಗಿಗೆ ಇಂಜೆಕ್ಷನ್ ಕೊಡುವ ಕೈಯೇ ಸಹಿಗೆ ಕಾಗದ ಚಾಚಿದರೆ, ಅವನು ಬೇಡ ಎನ್ನುವುದು ಹೇಗೆ? ಆದ್ದರಿಂದ ಸಾಧ್ಯವಾದಾಗಲೆಲ್ಲ ಆ ರೋಗಿಯ ಆರೈಕೆಗೆ ಸಂಬಂಧಿಸದ ಬೇರೊಬ್ಬರು ಒಪ್ಪಿಗೆ ಕೇಳುವುದು ಮೇಲು.

ಗುಟ್ಟು ಕಾಪಾಡುವುದೂ ಇದರದೇ ಇನ್ನೊಂದು ಮುಖ. ಹಾಳೆಯ ಮೇಲೆ ಹೆಸರಿನ ಬದಲು ಸಂಖ್ಯೆ ಬರೆಯಿರಿ. ಯಾವ ಸಂಖ್ಯೆ ಯಾರದೆಂಬ ಪಟ್ಟಿಯನ್ನು ಬೇರೆಯಾಗಿ ಬೀಗ ಹಾಕಿ ಇಡಿ. ಹುಣ್ಣಿನ ಫೋಟೋ ತೆಗೆದು ಗೆಳತಿಯರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಸಣ್ಣ ಊರಿನಲ್ಲಿ 'ಮೂಲೆಮನೆಯ ಐವತ್ತರ ಹೆಂಗಸು' ಎಂದರೆ ಸಾಕು, ಹೆಸರು ಹೇಳಿದಂತೆಯೇ.

ನಿಮ್ಮ ಮುಂದೆ ಕಾಗದ ಚಾಚಿದಾಗ

ಓದುಗರೇ, ನೀವು ವಿದ್ಯಾರ್ಥಿಗಳಲ್ಲದಿರಬಹುದು. ಆದರೆ ನೀವೋ ನಿಮ್ಮ ತಾಯಿಯೋ ಎಂದಾದರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಇಂಥ ಕಾಗದ ಎದುರು ಬರಬಹುದು. ಆಗ ನಾಲ್ಕು ಪ್ರಶ್ನೆ ಕೇಳಿ. ಇದು ಯಾತಕ್ಕಾಗಿ? ನನಗೆ ಇದರಿಂದ ತೊಂದರೆ ಏನಾದರೂ ಇದೆಯೇ? ನನ್ನ ಹೆಸರು ಹೊರಗೆ ಹೋಗುತ್ತದೆಯೇ? ನಾನು ಬೇಡ ಎಂದರೆ, ಅಥವಾ ಅರ್ಧದಲ್ಲಿ ಬಿಟ್ಟರೆ, ನನ್ನ ಚಿಕಿತ್ಸೆ ಹೀಗೆಯೇ ನಡೆಯುತ್ತದೆಯೇ? ಈ ಪ್ರಶ್ನೆಗಳಿಗೆ ಮುಖ ಸಿಂಡರಿಸದೆ ಉತ್ತರ ಕೊಟ್ಟರೆ, ಮನಸ್ಸಿದ್ದರೆ ಒಪ್ಪಿಕೊಳ್ಳಿ. ಒಪ್ಪುವುದರಲ್ಲಿ ಪುಣ್ಯವೂ ಇದೆ. ಇಂದು ನಾವು ನುಂಗುವ ಪ್ರತಿಯೊಂದು ಮಾತ್ರೆಯ ಹಿಂದೆಯೂ ಎಂದೋ ಒಪ್ಪಿಕೊಂಡ ಅಪರಿಚಿತರಿದ್ದಾರೆ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಅಂದು ತುಂಬಿದ್ದ ಹಾಳೆಗಳನ್ನೆಲ್ಲ ಅವಳು ಪಕ್ಕಕ್ಕಿಟ್ಟಳು, ಪ್ರಾಜೆಕ್ಟಿಗೆ ಬಳಸಲಿಲ್ಲ. ಪ್ರಶ್ನೆಗಳನ್ನು ತಿದ್ದಿ, ಕಾಲೇಜಿನ ಸಮಿತಿಯ ಪತ್ರ ಪಡೆದು, ಕಳೆದ ಸೋಮವಾರ ಮತ್ತೆ ಬಂದಳು. ಅಜ್ಜಿಯೂ ಬಂದಿದ್ದರು, ಬೆರಳ ಹುಣ್ಣು ಒಣಗಿತ್ತು. ಹುಡುಗಿ ಪಕ್ಕದಲ್ಲಿ ಕೂತು ಎಲ್ಲವನ್ನೂ ನಿಧಾನವಾಗಿ ವಿವರಿಸಿದಳು. ಕೊನೆಗೆ, 'ನೀವು ಬೇಡ ಅಂದ್ರೂ ಮಾತ್ರೆ ಸಿಗತ್ತೆ ಅಜ್ಜಿ' ಎಂದಳು.

ಅಜ್ಜಿ ಒಮ್ಮೆ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. 'ಹಂಗಾದ್ರೆ ಇವತ್ತು ಬೇಡ ಕಣವ್ವಾ, ಬಸ್ಸಿಗೆ ಹೊತ್ತಾಯ್ತು' ಎಂದು ಮಾತ್ರೆಯ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಎದ್ದರು.

ಹುಡುಗಿ 'ಆಗಲಿ ಅಜ್ಜಿ' ಎಂದು ಅವರ ಚಪ್ಪಲಿ ಹತ್ತಿರಕ್ಕೆ ಸರಿಸಿಕೊಟ್ಟಳು. ಮೂವತ್ತಕ್ಕೆ ಒಂದು ಕಡಿಮೆಯಾಯಿತು. ಆದರೆ ಅವಳು ಒಳ್ಳೆಯ ನರ್ಸ್ ಆಗುತ್ತಾಳೆ ಎಂದು ನನಗೆ ಅಂದು ಖಾತರಿಯಾಯಿತು.